ಕೊಬ್ಬಿದ ಮಣ್ಣಿನ ಅವರೆ

ನನ್ನನ್ನು ಹುಳುಮನೆಯಿಂದ ಹೊರಗೆ ಹಾಕಿದವಳು ನನ್ನ ಸೊಸೆ. ಇಷ್ಟು ಓದಿ ಯಾರೂ ನನಗಾಗಿ ಲೊಚಗುಟ್ಟುವುದು ಬೇಡ. ನಾನು ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವಳು, ಮದುವೆಯಾಗಿ ಬಂದಾಗಿನಿಂದ ಹಾಕುತ್ತಿದ್ದೇನೆ. ರೇಷ್ಮೆ ಹುಳಕ್ಕೂ ಹೊಗೆಸೊಪ್ಪಿಗೂ ಆಗಿಬರುವುದಿಲ್ಲ. ಹೊಗೆಸೊಪ್ಪು ತಿಕ್ಕಿದ ಕೈ ತೊಳೆಯದೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಸಾಕು, ಹುಳ ತಲೆ ಮೇಲೆತ್ತಿ, ಹಸಿರು ಕಕ್ಕಿ, ಮುದುಡಿಕೊಂಡು ಬಿದ್ದುಬಿಡುತ್ತದೆ. ನಮ್ಮ ಕೈಲಾಂಚದ ಸುತ್ತಮುತ್ತ ಇದು ತೊಟ್ಟಿಲ ಕೂಸಿಗೂ ಗೊತ್ತು. ನಮ್ಮತ್ತೆಯ ಕಾಲದಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಕೈ ಉಜ್ಜಿಕೊಂಡು ಒಳಗೆ ಹೋಗುತ್ತಿದ್ದೆವು. ಸೊಸೆ ಹೊಸದಾಗಿ ಸಿಮೆಂಟಿನ ಹುಳುಮನೆ ಕಟ್ಟಿಸಿ, ಬಾಗಿಲಿಗೆ ಅಡ್ಡಲಾಗಿ ಸುಣ್ಣದ ಪುಡಿಯ ಗೆರೆ ಎಳೆದು, ಅತ್ತೆ, ನಿಮಗೆ ಹುಳ ಬೇಕೋ ಹೊಗೆಸೊಪ್ಪು ಬೇಕೋ ನೀವೇ ಹೇಳಿ ಅಂದಳು. ನಾನು ಒಂದು ಹಗಲೆಲ್ಲ ಯೋಚನೆ ಮಾಡಿ ಹೊಗೆಸೊಪ್ಪು ಅಂದೆ. ಹುಳ ಅಂತೀನಿ ಅಂದುಕೊಂಡಿದ್ದ ಅವಳು ನಿಂತಲ್ಲೇ ದಂಗಾದಳು. ಆ ಮುಖ ನೆನೆಸಿಕೊಂಡರೆ ಈಗಲೂ ನನಗೆ ನಗು ಬರುತ್ತದೆ.

ನಗು ಬಂತು ಸರಿ, ಹೊತ್ತು ಹೋಗಬೇಕಲ್ಲ. ಹುಳುಮನೆಯಲ್ಲಿ ಕೆಲಸ ಮಾಡಿದ ಕೈಗೆ ಟೀವಿ ನೋಡುತ್ತಾ ಕೂರುವುದು ಬರುವುದಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಹಿಂಭಾಗದ ಪಟ್ಟಿ ನೆಲ. ಹುಳುಮನೆಯ ಹಿಂದಿನ ಗೋಡೆಗೂ ಹಿಪ್ಪುನೇರಳೆ ತೋಟದ ಮೊದಲ ಸಾಲಿಗೂ ನಡುವೆ ಅದು ಸುಮ್ಮನೆ ಬಿದ್ದಿತ್ತು. ಉದ್ದಕ್ಕೆ ಹಿಡಿದರೆ ನಾಲ್ಕು ಸೀರೆ ಒಣಹಾಕಬಹುದು, ಅಗಲಕ್ಕೆ ಒಂದು ಎಮ್ಮೆ ಅಡ್ಡ ನಿಲ್ಲಬಹುದು. ಕಟ್ಟಡದವರು ಉಳಿದ ಗಾರೆ, ಇಟ್ಟಿಗೆ ಚೂರು, ಹರಿದ ಸಿಮೆಂಟ್ ಚೀಲ ಎಲ್ಲ ಅಲ್ಲೇ ಸುರಿದು ಹೋಗಿದ್ದರು. ನನ್ನ ಮಗ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬೈಕಿನಲ್ಲಿ ರಾಮನಗರಕ್ಕೆ ಕೆಲಸಕ್ಕೆ ಹೋಗುವವನು. ಅವನು ಒಂದು ಸಲ ಕಾಲಲ್ಲಿ ಒದ್ದು ನೋಡಿ, ಇಲ್ಲಿ ಕಳೆ ಸಹ ಬೆಳೆಯಲ್ಲ ಅಂದ. ಹಾಗಂದಮೇಲೆ ನನಗೆ ಅಲ್ಲೇ ಬೆಳೆಯಬೇಕು.

ಬಗ್ಗಲು ಸೊಂಟ ಬಿಡುವುದಿಲ್ಲ. ಅಡಿಗೆಮನೆಯ ಮಣೆ ತಂದು ಹಾಕಿಕೊಂಡು ಕೂತು, ಕೈಗೆಟುಕಿದಷ್ಟು ನೆಲದ ಕಲ್ಲು, ಗಾರೆ ಆರಿಸಿ, ಮಣೆಯನ್ನು ಮುಂದಕ್ಕೆ ತಳ್ಳಿ ಮತ್ತೆ ಕೂರುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ನೆಲವನ್ನು ಆರಿಸಿದೆ. ಒಂದು ಭಾನುವಾರ ಮಗ ಗೊಣಗಿಕೊಂಡೇ ಗುದ್ದಲಿ ಹಾಕಿ ಅಗೆದುಕೊಟ್ಟ. ಹೆಂಟೆ ಒಡೆದು ಬಿಸಿಲಿಗೆ ಬಿಟ್ಟೆ. ಕೆರೆ ಗೋಡು ತರಿಸಿ ಹರಡಿದೆ. ಹಸುವಿನ ಸಗಣಿ, ಒಲೆ ಬೂದಿ ಹಾಕಿದೆ. ಆಮೇಲೆ ನನ್ನ ಚಿನ್ನ, ಹುಳದ ಹಿಕ್ಕೆ. ಹುಳುಮನೆಯೊಳಕ್ಕೆ ನಾನು ಹೋಗಕೂಡದು ನಿಜ, ಆದರೆ ಅಲ್ಲಿಂದ ಹೊರಗೆ ಬರುವುದನ್ನೆಲ್ಲ ನಾನು ಹಿಡಿದುಕೊಳ್ಳುತ್ತಿದ್ದೆ. ಹುಳ ತಿಂದು ಬಿಟ್ಟ ಸೊಪ್ಪು, ಕಡ್ಡಿ, ಮೆಣಸಿನ ಕಾಳಿನಂಥ ಹಿಕ್ಕೆ, ಎಲ್ಲವನ್ನೂ ಮೂಲೆಯ ಗುಂಡಿಗೆ ತುಂಬಿ, ತೆಂಗಿನ ಗರಿ ಮುಚ್ಚಿ ಕೊಳೆಸಿದೆ. ಕೆಲವು ತಿಂಗಳಾದಮೇಲೆ ತೆಗೆದರೆ ಕಪ್ಪಗೆ, ಪುಡಿಪುಡಿಯಾಗಿ, ಕೈಗೆ ಬೆಚ್ಚಗೆ. ಮಂಕರಿಯ ಮೇಲೆ ಮಂಕರಿ ಸುರಿದೆ.

ಮಣ್ಣು ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ನನಗೆ ಗೊತ್ತಿರುವುದು ಮುದ್ದೆಯ ಲೆಕ್ಕ. ಒದ್ದೆ ಮಣ್ಣನ್ನು ಹಿಡಿದು ಮುದ್ದೆ ಕಟ್ಟಿ, ಮೊಣಕಾಲೆತ್ತರದಿಂದ ಬಿಡಬೇಕು. ಕಟ್ಟಲೇ ಇಲ್ಲ ಅಂದರೆ ಮರಳು ಜಾಸ್ತಿ. ಬಿದ್ದರೂ ಒಡೆಯಲಿಲ್ಲ ಅಂದರೆ ಜೇಡಿ ಜಾಸ್ತಿ. ಬಿದ್ದು ಮೆತ್ತಗೆ ಒಡೆದುಕೊಂಡರೆ ಅದು ಮಣ್ಣು. ನನ್ನ ಮುದ್ದೆ ಬಿದ್ದು ಮೂರು ಚೂರಾಗಿ ಕೂತಿತು. ಮಗನನ್ನು ಕರೆದು ಅವನ ಕಾಲ ಹತ್ತಿರವೇ ಇನ್ನೊಂದು ಮುದ್ದೆ ಬಿಟ್ಟೆ. ಅವನು ಚಪ್ಪಲಿ ಕೊಡವಿಕೊಂಡು ಹೋದ.

ದಂಟು ಬಂತು, ಬದನೆ ಬಂತು, ಟೊಮೆಟೊ ಬಂತು. ದಂಟಿನ ಎಲೆ ಒಂದೊಂದೂ ಮೊರದಗಲ. ಸೊಸೆ ಅದರಲ್ಲಿ ಬಸ್ಸಾರು ಮಾಡಿ, ಬಡಿಸುವಾಗ ಸೊಪ್ಪು ಚೆನ್ನಾಗಿತ್ತು ಅಂತ ನನಗೆ ಕೇಳಿಸಬಾರದು ಅನ್ನುವಷ್ಟು ಮೆಲ್ಲಗೆ ಹೇಳಿದಳು. ನನಗೆ ಕೇಳಿಸಿತು.

ಅವರೆಯ ಬೀಜ ಬಂದದ್ದು ಬೀಗಿತ್ತಿಯಿಂದ, ಅಂದರೆ ಸೊಸೆಯ ತಾಯಿಯಿಂದ. ಅವಳದು ಮಾಗಡಿಯ ಕಡೆ ಹಳ್ಳಿ. ಬರೀ ರಾಗಿ, ಅವರೆ. ಅವಳ ಊರಿನಲ್ಲಿ ಹುಳ ಸಾಕುವವರು ಇಲ್ಲ, ಅವಳು ಮಗಳ ಮದುವೆಯಾಗುವ ತನಕ ರೇಷ್ಮೆ ಹುಳವನ್ನು ಕಣ್ಣಲ್ಲಿ ನೋಡಿದವಳೂ ಅಲ್ಲ. ಆದರೆ ಅವರೆ ವಿಷಯದಲ್ಲಿ ಅವಳ ಮುಂದೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಬೀಜ ಕಳಿಸಿ, ಫೋನಿನಲ್ಲಿ ಹೇಳಿದಳು.

“ಗೊಬ್ಬರ ಆಕ್ಬ್ಯಾಡಿ ಕಣಕ್ಕ. ಅವರೆ ಬಡವ್ರ ಮಗ ಇದ್ದಂಗೆ, ಒಸಿ ಅಸ್ಕೊಂಡ್ರೇನೇ ಕಾಯಿ ಬುಡೋದು.”

ನನ್ನ ತೋಟದ ಸುದ್ದಿ ಕೇಳಿ ಹೊಟ್ಟೆಕಿಚ್ಚು ಅಂದುಕೊಂಡೆ. ಹಿಕ್ಕೆ ಗೊಬ್ಬರ ಇನ್ನೂ ಎರಡು ಮಂಕರಿ ಹೆಚ್ಚಿಗೆ ಹಾಕಿ ಬೀಜ ಊರಿದೆ.

ಅವರೆ ಎದ್ದ ರಭಸಕ್ಕೆ ನಾನೇ ಹೆದರಿಕೊಂಡೆ. ಗೋಡೆ ಹತ್ತಿತು, ಬಟ್ಟೆ ಒಣಹಾಕುವ ತಂತಿ ಹತ್ತಿತು, ಆ ಕಡೆ ಹಿಪ್ಪುನೇರಳೆಯ ಮೊದಲ ಸಾಲನ್ನೂ ತಬ್ಬಿಕೊಂಡು ಗಿಡದಿಂದ ಗಿಡಕ್ಕೆ ಹೋಯಿತು. ಚಳಿ ಬಂತು, ಇಬ್ಬನಿ ಬಂತು, ಊರಿನವರ ಹೊಲದಲ್ಲೆಲ್ಲ ಅವರೆ ಹೂವಾಗಿ, ಕಾಯಾಗಿ, ದಾರಿಯಲ್ಲಿ ನಡೆದರೆ ಸೊಗಡು ಮೂಗಿಗೆ ಹೊಡೆಯುತ್ತಿತ್ತು. ನನ್ನದು ಮಾತ್ರ ಬರೀ ಸೊಪ್ಪು. ಒಂದು ಹೂವಿಲ್ಲ. ಬಂದವರು ಏನಜ್ಜಿ, ಮೇವು ಹಾಕಿದ್ದೀರಾ ಅಂತ ಕೇಳಿ ಹೋಗುತ್ತಿದ್ದರು.

ಅದೇ ಹೊತ್ತಿಗೆ ಬೀಗಿತ್ತಿ ಬಂದಳು. ರಾಮನಗರದಲ್ಲಿ ಅವಳಿಗೆ ಕಣ್ಣಿನ ಪೊರೆ ತೆಗೆಸಿ, ಸೊಸೆ ನಮ್ಮ ಮನೆಗೇ ಕರೆದುಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ಬೀಗಿತ್ತಿ ಮೈದುನನ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಇದ್ದಳು. ಇನ್ನು ಇಲ್ಲೇ ಇರಲಿ ಅನ್ನುವುದು ಸೊಸೆಯ ಆಸೆ. ನನ್ನ ಆಸೆಯೂ ಅದೇ, ಅದಕ್ಕೆ ಕಾರಣ ಬೇರೆ. ಈ ಮನೆಯಲ್ಲಿ ನನಗೆ ಎದುರು ಮಾತಾಡುವವರಿಲ್ಲ. ಮಗ ಹೂಂ ಅನ್ನುತ್ತಾನೆ, ಸೊಸೆಗೆ ಪುರುಸೊತ್ತಿಲ್ಲ. ಬೀಗಿತ್ತಿ ಹಾಗಲ್ಲ. ನಾನು ಮಾಗಡಿಯೋಳೆ ಅಂದರೆ ಅವಳು ಒಗೆಸೊಪ್ಪಿನವ್ವ ಅನ್ನುತ್ತಾಳೆ. ಬೆಳಿಗ್ಗೆ ಅವಳ ಜೊತೆ ಒಂದು ಜಗಳ ಆದರೆ ನನಗೆ ಕಾಫಿ ಕುಡಿದಷ್ಟು ಚುರುಕು.

ಆದರೆ ಅವಳು ಹಳೇ ಕಾಲದವಳು. ಮಗಳನ್ನು ಕೊಟ್ಟ ಮನೆಯಲ್ಲಿ ಕೂತು ಉಣ್ಣಬಾರದು ಅಂತ ಅವಳ ತಲೆಯಲ್ಲಿ ಕೂತಿತ್ತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಳ ಗುಡಿಸಿ ಆಮೇಲೆ ತಟ್ಟೆಯ ಮುಂದೆ ಕೂರುವಳು. ತಂದ ಬಟ್ಟೆ ಬ್ಯಾಗನ್ನು ಬಿಚ್ಚಲೇ ಇಲ್ಲ. ನಡುಮನೆಯ ಮೊಳೆಗೆ ನೇತುಹಾಕಿ, ಸೀರೆ ಬೇಕಾದಾಗ ಅದರಿಂದ ಎಳೆದುಕೊಂಡು, ಒಗೆದದ್ದನ್ನು ಮತ್ತೆ ಅದಕ್ಕೇ ಮಡಿಸಿಡುವಳು. ಬಸ್ಸು ಹತ್ತಲು ಕೈ ಚಾಚಿದರೆ ಸಾಕು, ಹಾಗಿತ್ತು. ಸೊಸೆ ಪ್ರತಿದಿನ ಬೆಳಿಗ್ಗೆ ಹುಳುಮನೆಗೆ ಹೋಗುವ ಮುಂಚೆ ಆ ಮೊಳೆಯ ಕಡೆ ಒಂದು ಸಲ ನೋಡಿಯೇ ಹೋಗುತ್ತಿದ್ದಳು. ನೋಡಿದ್ದನ್ನು ನಾನು ನೋಡುತ್ತಿದ್ದೆ.

ಬೀಗಿತ್ತಿಯ ಹೊಸ ಕಣ್ಣಿಗೆ ಚೆನ್ನಾಗಿ ಕಂಡ ಮೊದಲ ವಸ್ತು ನನ್ನ ಅವರೆ. ಒಂದು ದಿನ ಕನ್ನಡಕ ಹಣೆಗೇರಿಸಿ, ಬಳ್ಳಿಯ ಕುಡಿಯೊಂದನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಬೆರಳು ಹಿಡಿದು ಆ ಕುಡಿಯ ಮೇಲೆ ಎಳೆದಳು. ಬೆರಳು ಕಪ್ಪಗೆ, ಅಂಟಂಟಾಗಿ ಬಂತು. ಕುಡಿಯ ತುಂಬ ಕರಿಹೇನು. ಒಂದರ ಮೇಲೊಂದು ಕೂತು ರಸ ಹೀರುತ್ತಿದ್ದವು. ನಾನು ದಿನಾ ನೀರು ಹಾಕಿ, ಮೈದಡವಿ, ಏನು ಸೊಂಪಾಗಿದೆ ಅಂತ ಹೆಮ್ಮೆಪಟ್ಟಿದ್ದ ಬಳ್ಳಿ. ಸೆರಗಿಗೆ ಬೆರಳು ಎಷ್ಟು ಒರೆಸಿದರೂ ಆ ಕಪ್ಪು ಹೋಗಲಿಲ್ಲ.

“ಯಾರಂದೋರು ನಿಮ್ಮವರೆ ಏನೂ ಬುಟ್ಟಿಲ್ಲ ಅಂತ,” ಅಂದಳು ಅವಳು. “ಇಷ್ಟೊಂದು ಹೇನು ಬುಟ್ಟೈತಲ್ಲ.”

ಮಣ್ಣು ಕೊಬ್ಬಿದರೆ ಕುಡಿ ಎಳಸಾಗಿ ಏಳುತ್ತದೆ, ಎಳಸು ಕುಡಿಗೆ ಹೇನು ಬೀಳುತ್ತದೆ, ಹೂವು ಬಿಡಲು ಬಳ್ಳಿಗೆ ನೆನಪೇ ಇರುವುದಿಲ್ಲ ಅಂತ ವಿವರಿಸಿದಳು. ಅಷ್ಟು ತಿಳಿದವರಾದರೆ ನೀವೇ ವಾಸಿ ಮಾಡಿ ಅಂದೆ ನಾನು. ಸೋತವರು ಆಡುವ ಮಾತು, ಅಷ್ಟೇ. ಅವಳು ಕನ್ನಡಕ ಇಳಿಸಿಕೊಂಡು ಆಗಲಿ ಅಂದಳು. ಕೂತು ಉಣ್ಣುತ್ತೇನೆ ಅನ್ನುವ ಸಂಕಟಕ್ಕೆ ಒಂದು ಕೆಲಸ ಸಿಕ್ಕಿತು ಅಂತ ಆಗ ನನಗೆ ಹೊಳೆಯಲಿಲ್ಲ.

ಆ ದಿನ ಸಂಜೆ ನಾನು ಪಕ್ಕದ ಬೀದಿಯಲ್ಲಿ ಬಾಣಂತಿ ನೋಡಲು ಹೋಗಿ ಹೊತ್ತು ಮುಳುಗಿದ ಮೇಲೆ ಬಂದೆ. ಬೆಳಿಗ್ಗೆ ಎದ್ದು ಎಲೆಚೀಲ ತುಂಬಿಕೊಳ್ಳಲು ಅಟ್ಟದ ಮೇಲಿನ ಹೊಗೆಸೊಪ್ಪಿನ ಡಬ್ಬಿ ತೆಗೆದರೆ ಖಾಲಿ. ತಳದಲ್ಲಿ ಒಂದು ಎಳೆ ಇಲ್ಲ. ಸಂತೆಯಿಂದ ತಂದು ತುಂಬಿಟ್ಟದ್ದು. ಚಟ ಬಿಡಿಸಬೇಕು ಅಂತ ಬೀಗಿತ್ತಿಯೇ ತಿಪ್ಪೆಗೆ ಎಸೆದಿದ್ದಾಳೆ, ಇವತ್ತು ಇವಳ ಜುಟ್ಟು ಹಿಡಿಯುತ್ತೇನೆ ಅಂತ ಖಾಲಿ ಡಬ್ಬಿ ಕೈಯಲ್ಲಿ ಹಿಡಿದು ಹಿತ್ತಲ ಕಡೆ ಹೊರಟೆ.

ಹುಳುಮನೆಯ ಬಾಗಿಲಲ್ಲಿ ಸೊಸೆ ಎದುರಾದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ. ಅಂಗೈ ಚಾಚಿದಳು. ಅಂಗೈಯಲ್ಲಿ ನಾಲ್ಕಾರು ಹುಳ. ನಾಲ್ಕನೇ ಜ್ವರ ಎದ್ದು, ಬೆರಳುದ್ದ ಬೆಳೆದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾದ ಹುಳ. ಒಂದೊಂದೂ ತಲೆ ಎತ್ತಿ ಆಡಿಸುತ್ತಾ ಬಾಯಲ್ಲಿ ಹಸಿರು ನೊರೆ ಕಕ್ಕುತ್ತಿತ್ತು. ಜ್ವರ ಅಂದರೆ ನಮ್ಮ ಕಡೆ ಹುಳ ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕು ಜ್ವರ ದಾಟಿಸಿದ ಹುಳ ಅಂದರೆ ಹೆರಿಗೆ ಹತ್ತಿರ ಬಂದ ಬಸುರಿ ಇದ್ದ ಹಾಗೆ. ಅವಳು ನನ್ನ ಕೈಯಲ್ಲಿದ್ದ ಹೊಗೆಸೊಪ್ಪಿನ ಡಬ್ಬಿ ನೋಡಿದಳು. ನನ್ನ ಮುಖ ನೋಡಿದಳು.

“ಒಳೀಕೆ ಬಂದಿದ್ರಾ ಅತ್ತೆ?”

ಇಲ್ಲ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಆಮೇಲೆ ಅವಳು ಬೈದ ಬೈಗುಳವನ್ನು ಪೂರ್ತಿ ಟೈಪ್ ಮಾಡಲು ಈ ಫೋನಿಗೂ ನಾಚಿಕೆ. ಇದನ್ನು ಒತ್ತುವುದನ್ನು ಕಲಿಸಿದವಳೂ ಅವಳೇ. ನನ್ನ ಚಪಲ, ನನ್ನ ಹಟ, ನನ್ನ ತವರಿನವರ ಹಟ, ನಾನು ಹೆತ್ತ ಮಗನ ಸೋಮಾರಿತನ, ಹೋದ ವರ್ಷ ನಾನು ಉಪ್ಪಿನಕಾಯಿ ಕೆಡಿಸಿದ್ದು, ಒಂದನ್ನೂ ಬಿಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳ ಬಾಯಲ್ಲಿ ನಾನು ಇಷ್ಟು ಉದ್ದದ ಮಾತು ಕೇಳಿರಲಿಲ್ಲ.

ಉತ್ತರ ಕೊಡಲು ಬಾಯಿ ತೆರೆದೆ. ಆಗ ಅವಳ ಹೆಗಲ ಹಿಂದೆ, ನಲ್ಲಿಯ ಹತ್ತಿರ, ಬೀಗಿತ್ತಿ ಕಂಡಳು. ಬೂದಿ ಹಾಕಿ ಒಂದು ಹಳೇ ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆಯ ಒಳಗೆ ಕಂದು ಕಲೆ. ಪಕ್ಕದಲ್ಲಿ ಒದ್ದೆ ಪೊರಕೆ. ಗಾಳಿ ಆ ಕಡೆಯಿಂದ ಬಂತು, ನನ್ನ ಹೊಗೆಸೊಪ್ಪಿನ ವಾಸನೆ ನನಗೆ ಗೊತ್ತಾಗುವುದಿಲ್ಲವೇ. ಎಲ್ಲವೂ ಒಂದೇ ಸಲ ತಲೆಗೆ ಹೊಕ್ಕಿತು. ಸಂಜೆ ನನ್ನ ಹೊಗೆಸೊಪ್ಪು ಕುದಿಸಿದ್ದಾಳೆ. ಕಷಾಯವನ್ನು ಪೊರಕೆಯಲ್ಲಿ ಅದ್ದಿ ಅವರೆಯ ಮೇಲೆಲ್ಲ ಎರಚಿದ್ದಾಳೆ. ಅವರೆ ಹಬ್ಬಿದ್ದು ಹಿಪ್ಪುನೇರಳೆಯ ಮೊದಲ ಸಾಲಿನ ಮೇಲೆ. ಬೆಳಿಗ್ಗೆ ಸೊಸೆ ಬಾಗಿಲಿಗೆ ಹತ್ತಿರ ಅಂತ ಮೊದಲು ಕೊಯ್ಯುವುದೂ ಆ ಸಾಲನ್ನೇ. ಅಷ್ಟು ಹೊತ್ತಿಗೆ ಕಷಾಯ ಒಣಗಿ ಕಣ್ಣಿಗೆ ಕಾಣುವಂತಿಲ್ಲ. ಮಾಗಡಿಯ ಹೊಲದಲ್ಲಿ ಹೇನು ಬಿದ್ದ ಅವರೆಗೆ ತಲೆತಲಾಂತರದಿಂದ ಮಾಡುವ ಮದ್ದು ಅದು. ಈ ಊರಿನಲ್ಲಿ ಅದನ್ನು ಮಾಡಬಾರದು ಅಂತ ಅವಳಿಗೆ ಹೇಳಿದವರು ಯಾರು? ನಮಗೆ ಎಷ್ಟು ಗೊತ್ತೆಂದರೆ, ಹೇಳಬೇಕು ಅನ್ನುವುದೇ ಯಾರಿಗೂ ತೋಚಿರಲಿಲ್ಲ.

ತೆರೆದ ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಬೇಕೆಂದೇ ಮಾತು ನುಂಗಿದ್ದು ಅದೇ ಮೊದಲು. ಆ ಬ್ಯಾಗು ಮೊಳೆಯ ಮೇಲಿದೆಯಲ್ಲ, ಅದೊಂದೇ ಕಣ್ಣಮುಂದೆ ಇದ್ದದ್ದು. ಬೈಗುಳ ನನಗೇನು, ಸ್ನಾನದ ನೀರು ಇದ್ದ ಹಾಗೆ, ಮೈಮೇಲಿಂದ ಇಳಿದು ಹೋಗುತ್ತದೆ. ತನ್ನ ಕೈಯಿಂದಲೇ ಹುಳ ಕೆಟ್ಟವು ಅಂತ ಬೀಗಿತ್ತಿಗೆ ಗೊತ್ತಾದರೆ ಮೊದಲ ಬಸ್ಸಿಗೇ ಮಾಗಡಿ ಸೇರುತ್ತಾಳೆ, ಮತ್ತೆ ಈ ಹೊಸಿಲು ತುಳಿಯುವುದಿಲ್ಲ.

ನನ್ನ ಮೌನ ದಂಡವಾಯಿತು. ಮಗಳ ಬೈಗುಳದಲ್ಲೇ ಹೊಗೆಸೊಪ್ಪಿನ ಸಂಗತಿ ತಿಳಿದ ಬೀಗಿತ್ತಿ ಪಾತ್ರೆ ಬಿಟ್ಟು ಎದ್ದು ಬಂದು ನನಗೂ ಸೊಸೆಗೂ ಮಧ್ಯೆ ನಿಂತಳು.

“ಅವ್ರನ್ಯಾಕೆ ಬೈತೀಯೆ. ನಾನ್ ಕಣೆ. ಅವರೆಗೆ ಒಗೆಸೊಪ್ಪಿನ ನೀರು ಹೊಡ್ದೆ.”

ಸೊಸೆ ತಾಯಿಯನ್ನು ನೋಡಿದಳು. ಬಾಯಿ ತೆರೆಯಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅವಳ ದನಿ ಒಮ್ಮೆಲೇ ತಗ್ಗಿತು.

“ಬುಡವ್ವ, ನಿಂಗೇನ್ ಗೊತ್ತಿತ್ತು. ಒಳೀಕೋಗಿ ಕಾಫಿ ಕುಡಿ,” ಅಂದಳು. ಅಂದವಳೇ ಹುಳುಮನೆಯೊಳಕ್ಕೆ ಓಡಿದಳು.

ಮಗ ಕೆಲಸಕ್ಕೆ ಹೋಗಲಿಲ್ಲ. ಗಂಡ ಹೆಂಡತಿ ಸೇರಿ ಹುಳ ಮೇಯುವ ಅಟ್ಟಣಿಗೆಯಲ್ಲಿ ಕೆಟ್ಟ ಸೊಪ್ಪು ಬಿದ್ದ ಅಂಕಣವನ್ನು ಪೂರ್ತಿ ಖಾಲಿ ಮಾಡಿ ಸೊಪ್ಪನ್ನು ಹೊರಗೆ ಎಸೆದರು. ಕಿಟಕಿಗಳನ್ನೆಲ್ಲ ತೆರೆದು, ಹುಳಗಳನ್ನು ತಣ್ಣನೆಯ ಗಾಳಿಗೆ ತೆಳುವಾಗಿ ಹರಡಿದರು. ತೋಟದ ಆ ತುದಿಯಿಂದ ಹೊಸ ಸೊಪ್ಪು ಕೊಯ್ದು ತಂದರು. ವಿಷ ಒಸಿ ತಾಗಿದ ಹುಳಕ್ಕೆ ಗಾಳಿ ಸಿಕ್ಕರೆ, ಒಳ್ಳೆ ಸೊಪ್ಪು ಸಿಕ್ಕರೆ ಎದ್ದು ಕೂರುವುದುಂಟು. ಜಾಸ್ತಿ ತಾಗಿದರೆ ಇಲ್ಲ. ಯಾವುದು ಯಾವುದು ಅಂತ ಮಧ್ಯಾಹ್ನದವರೆಗೆ ಗೊತ್ತಾಗುವುದಿಲ್ಲ. ಬಾಯಿಯ ದೆಸೆಯಿಂದ ನಾನು ಒಳಗೆ ಹೋಗುವಂತಿಲ್ಲ, ಕೈಯ ದೆಸೆಯಿಂದ ಬೀಗಿತ್ತಿ ಹೋಗುವಂತಿಲ್ಲ. ಇಬ್ಬರೂ ಬದನೆ ಪಾತಿಯ ಪಕ್ಕದ ಕಲ್ಲಿನ ಮೇಲೆ, ಪರೀಕ್ಷೆ ಫೇಲಾದ ಮಕ್ಕಳ ಹಾಗೆ ಕೂತಿದ್ದೆವು. ಕಾಫಿ ಅವಳ ಮುಂದೆ ಕೆನೆ ಕಟ್ಟಿತ್ತು.

ಅವಳು ಬಹಳ ಹೊತ್ತು ಹುಣಸೆಹಣ್ಣು ಹಾಕಿ ಕೈ ಉಜ್ಜಿದಳು. ಸುಕ್ಕು ಬಿದ್ದ ಅಂಗೈ ಕೆಂಪಾಗಿತ್ತು. ಸಾಕು ಬಿಡಿ, ಚರ್ಮ ಕಿತ್ತು ಬಂದೀತು ಅಂದೆ.

“ನಿಮ್ಮನ್ನ ಎಷ್ಟು ಬೈದ್ಲು,” ಅಂದಳು.

“ಬೈದ್ಲಾ, ನಮ್ಮಪ್ಪನ ಗೋರಿ ತಾವ್ಕೂ ಓಗ್ಬುಟ್ಟು ಬಂದ್ಲು.”

ಅವಳು ನಗಲಿಲ್ಲ. ಮಣ್ಣು ನೋಡುತ್ತಾ ಕೂತಳು.

“ನನ್ನ ಒಂದ್ ಮಾತೂ ಬೈಲಿಲ್ಲ ಕಣಕ್ಕ. ಕಾಫಿ ಕುಡಿ ಅಂದ್ಲು. ನೆಂಟ್ರಿಗಂದಂಗೆ.”

ಆ ಬೆಳಿಗ್ಗೆ ನನಗೆ ಆಘಾತಗಳಿಗೆ ಬರವಿರಲಿಲ್ಲ, ಆದರೆ ಈ ಮಾತು ತಟ್ಟಿದ ಹಾಗೆ ಹುಳ ಕಕ್ಕಿದ್ದೂ ತಟ್ಟಿರಲಿಲ್ಲ. ಬೈಸಿಕೊಂಡ ನಾನು ನೊಂದವಳು, ಬಿಟ್ಟುಬಿಟ್ಟ ಅವಳು ಗೆದ್ದವಳು ಅಂದುಕೊಂಡು ಕೂತಿದ್ದೆ. ಮಗಳ ಕೈಲಿ ಬೈಸಿಕೊಳ್ಳುವಷ್ಟೂ ತಾನು ಈ ಮನೆಯವಳಲ್ಲ ಅಂತ ಅವಳು ಲೆಕ್ಕ ಹಾಕಿದ್ದಳು. ಮಧ್ಯಾಹ್ನದ ಬಸ್ಸಿಗೆ ಹೋಗುತ್ತೇನೆ ಅಂದಳು. ಕಣ್ಣಿನ ಡಾಕ್ಟರು ಮತ್ತೆ ಬರಲು ಹೇಳಿದ್ದಾರಲ್ಲ ಅಂದರೆ, ಅಲ್ಲಿಂದಲೇ ಬಂದು ತೋರಿಸಿಕೊಳ್ಳುತ್ತೇನೆ ಅಂದಳು. ಎದ್ದು ಒಳಗೆ ಹೋದಳು. ಬ್ಯಾಗು ಮೊಳೆಯಿಂದ ಇಳಿದ ಸದ್ದು ನನಗೆ ಹಿತ್ತಲಿಗೆ ಕೇಳಿಸಿತು.

ಜಗಲಿಯ ಕೆಳಗೆ ಅವಳ ಚಪ್ಪಲಿ ಜೋಡಿ ಇತ್ತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಎಡಗಾಲಿನದನ್ನು ಸೆರಗಿನೊಳಗೆ ಹಾಕಿಕೊಂಡು ಹೋಗಿ ಗೊಬ್ಬರದ ಗುಂಡಿಯಲ್ಲಿ ಹೂತುಹಾಕಿ, ಗರಿ ಮುಚ್ಚಿದೆ. ಒಂಟಿ ಚಪ್ಪಲಿಯಲ್ಲಿ ಯಾರೂ ಮಾಗಡಿಗೆ ಹೋಗುವುದಿಲ್ಲ.

ಆಮೇಲೆ ಹುಳುಮನೆಯ ಬಾಗಿಲಿಗೆ ಹೋಗಿ, ಸುಣ್ಣದ ಗೆರೆ ದಾಟದೆ ನಿಂತು ಸೊಸೆಯನ್ನು ಕರೆದೆ. ಕೈಯಲ್ಲಿ ಸೊಪ್ಪು ಹಿಡಿದೇ ಬಂದಳು. ನನ್ನ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ. ತಪ್ಪಾಯಿತು ಅತ್ತೆ ಅನ್ನಲು ಶುರುಮಾಡಿದಳು. ಅದನ್ನೆಲ್ಲ ಆಮೇಲೆ ಇಟ್ಟುಕೊಳ್ಳೋಣ, ಮೊದಲು ಹೋಗಿ ನಿಮ್ಮವ್ವನನ್ನು ಬೈ ಅಂದೆ.

ಅವಳಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಕಣ್ಣು ಆಪರೇಷನ್ ಆದವಳನ್ನು, ಗೊತ್ತಿಲ್ಲದೆ ಮಾಡಿದವಳನ್ನು ಯಾಕೆ ಬೈಯಲಿ ಅಂದಳು. ಒಂದು ಮಾತು ಹೆಚ್ಚುಕಮ್ಮಿ ಆದರೆ ಎದ್ದು ಹೋಗಿಬಿಡುತ್ತಾಳೆ ಅಂತಲೇ ಬಾಯಿ ಕಚ್ಚಿಕೊಂಡೆ ಅಂದಳು.

“ಅವ್ಳಾಗ್ಲೆ ಎದ್ದವ್ಳೆ. ಬ್ಯಾಗು ಕೈಲೈತೆ,” ಅಂದೆ. “ನನ್ನ ಬೈದಂಗೆ ಬೈ ಹೋಗು. ನಾನು ಈ ಮನೆಯೋಳು ಅಂತ ತಾನೆ ಅಷ್ಟು ಬೈದಿದ್ದು?”

ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಸೊಪ್ಪನ್ನು ಅಲ್ಲೇ ಹಾಕಿ ಹೊರಟಳು.

ಬೀಗಿತ್ತಿ ಜಗಲಿಯ ಕೆಳಗೆ ಬಗ್ಗಿ ಎಡಗಾಲಿನ ಚಪ್ಪಲಿ ಹುಡುಕುತ್ತಿದ್ದಳು. ಸೊಸೆ ಮೊದಲು ಬಹಳ ಸಪ್ಪೆಯಾಗಿ ಶುರುಮಾಡಿದಳು, ಯಾಕವ್ವ ಹೇಳದೆ ಕೇಳದೆ ಹೊಡೆದೆ ಅಂತ. ನನಗೆ ನಿರಾಸೆಯಾಯಿತು. ಬೀಗಿತ್ತಿ ತಲೆ ಎತ್ತದೆ, ತಪ್ಪಾಯ್ತು ಕಣಮ್ಮ, ಅದಕ್ಕೇ ಹೊರಟೆ ಅಂದಳು. ಆ ಹೊರಟೆ ಅನ್ನುವ ಮಾತು ಸೊಸೆಗೆ ಎಲ್ಲಿ ಚುಚ್ಚಿತೋ, ಅಲ್ಲಿಂದ ಕಟ್ಟೆ ಒಡೆಯಿತು. ನೀನು ಯಾವಾಗಲೂ ಹೊರಡುವವಳೇ ಅಂದಳು. ಚಿಕ್ಕಂದಿನಲ್ಲಿ ತನ್ನ ಆಡಿನ ಮರಿಯನ್ನು ಕೇಳದೆ ಮಾರಿದ್ದು ತೆಗೆದಳು. ಅಪ್ಪನಿಗೆ ಕಾಯಿಲೆ ಜೋರಾದಾಗ ಮಗಳಿಗೆ ತೊಂದರೆ ಆದೀತು ಅಂತ ಹೇಳಿಕಳಿಸದೆ ಇದ್ದದ್ದು ತೆಗೆದಳು. ತಾನು ಬಂದಾಗ ಅಪ್ಪನಿಗೆ ಮಾತು ನಿಂತುಹೋಗಿತ್ತು ಅಂದಳು. ನಾನು ಹಚ್ಚಲು ಹೋದದ್ದು ಒಂದು ಬೀಡಿ, ಹತ್ತಿಕೊಂಡದ್ದು ಬಣವೆ. ಇದು ಆಟದ ಬೈಗುಳ ಅಲ್ಲ, ವರ್ಷಗಟ್ಟಲೆ ಒಳಗೆ ಇಟ್ಟುಕೊಂಡದ್ದು. ಗೋಡೆಯಾಚೆ ಎರಡು ತಲೆ ಇಣುಕಿದವು. ಮಗ ಹುಳುಮನೆಯಿಂದ ಹೊರಗೆ ಬಂದವನು ನನ್ನ ಮುಖ ನೋಡಿ ಮತ್ತೆ ಒಳಗೆ ಹೋದ.

ಬೀಗಿತ್ತಿ ನೆಟ್ಟಗೆ ನಿಂತಿದ್ದಳು. ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿದೆ ಅಂತ ಕಾಣುತ್ತಿರಲಿಲ್ಲ.

“ಆ ಬ್ಯಾಗು,” ಅಂದಳು ಸೊಸೆ. ಅವಳ ದನಿ ಒಡೆದಿತ್ತು. “ದಿನಾ ಬೆಳಿಗ್ಗೆ ಎದ್ದು ಆ ಮೊಳೆ ನೋಡಕ್ಕೆ ನಂಗೆ ಭಯ ಆಯ್ತದೆ ಕಣವ್ವ. ಐತೋ ಇಲ್ವೋ ಅಂತ.”

ಬೀಗಿತ್ತಿ ಬ್ಯಾಗನ್ನು ಜಗಲಿಯ ಮೇಲೆ ಇಟ್ಟಳು. ಇಟ್ಟ ಮೇಲೂ ಅದರ ಹಿಡಿ ಬಿಡದೆ ನಿಂತಿದ್ದಳು.

“ಉಳ ಎಂಗವೆ?” ಅಂತ ಕೇಳಿದಳು.

“ಅರ್ಧಕ್ಕಿಂತ ಜಾಸ್ತಿ ಎದ್ದವೆ. ಸೊಪ್ಪು ಕಚ್ತಾವೆ.”

“ಮತ್ತಿಲ್ಲಿ ನಿಂತ್ಕೊಂಡು ಊರಿಗೆಲ್ಲ ಕೇಳಂಗೆ ಬಡ್ಕೊತಾ ಇದ್ದೀಯಲ್ಲ. ಓಗು, ಸೊಪ್ಪಾಕು ಓಗು.”

ಸೊಸೆ ಮೂಗು ಒರೆಸಿಕೊಂಡು ಹೋದಳು. ಬೀಗಿತ್ತಿ ಜಗಲಿಯ ಮೇಲೆ ಕೂತಳು. ನಾನು ಆರಿದ ಕಾಫಿ ಬಿಸಿ ಮಾಡಿ ತಂದುಕೊಟ್ಟೆ. ಕುಡಿದಳು. ಚಪ್ಪಲಿ ಕಾಣೆಯಾಗಿದೆ ಅಂದಳು. ಬೀದಿ ನಾಯಿ ಎತ್ತಿಕೊಂಡು ಹೋಗಿರಬೇಕು ಅಂದೆ.

ಆ ಅಂಕಣದಲ್ಲಿ ಎದ್ದ ಹುಳ ಗೂಡು ಕಟ್ಟಿದವು, ಗೂಡು ಸ್ವಲ್ಪ ತೆಳುವಾಗಿತ್ತು. ಏಳದವುಗಳನ್ನು ಸೊಸೆ ದೂರ ಒಯ್ದು ಹೂತಳು. ಉಳಿದ ಅಂಕಣಗಳಿಗೆ ಏನೂ ಆಗಲಿಲ್ಲ. ಮೊದಲ ಸಾಲಿನ ಸೊಪ್ಪನ್ನೆಲ್ಲ ಸವರಿ ಎಸೆದದ್ದಾಯಿತು. ಅದರ ಮೇಲಿನ ಅವರೆ ಬಳ್ಳಿಯನ್ನು ಬೀಗಿತ್ತಿಯೇ ಬುಡ ಸಮೇತ ಕಿತ್ತಳು. ನನ್ನ ಹೊಗೆಸೊಪ್ಪಿನ ಡಬ್ಬಿ ಈಗ ಬೀದಿಯ ಕಡೆ ಜಗಲಿಯ ಗೂಡಿನಲ್ಲಿ, ಹುಳುಮನೆಯಿಂದ ಆದಷ್ಟು ದೂರದಲ್ಲಿ ಇದೆ. ಒಂದು ಸಲ ಬಾಯಿಗೆ ಹಾಕಬೇಕಾದರೆ ಮನೆಯನ್ನೇ ದಾಟಿ ಹೋಗಬೇಕು. ಇದು ತಾಯಿ ಮಗಳು ಸೇರಿ ನನಗೆ ಹಾಕಿದ ಶಿಕ್ಷೆ.

ಹುಳ ಎಲ್ಲ ಗೂಡಾದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಬ್ಯಾಗು ಮತ್ತೆ ನೇತಾಡುತ್ತಿದ್ದ ಮೊಳೆ ಖಾಲಿ. ಹಿತ್ತಲಿಗೆ ಓಡಿದೆ, ಅಂದರೆ ನನಗೆ ಆದಷ್ಟು ಬೇಗ ನಡೆದೆ. ಬೀಗಿತ್ತಿ ಗುಡ್ಡದ ಕಡೆಯಿಂದ ಬರುತ್ತಿದ್ದಳು. ತಲೆಯ ಮೇಲೆ ಅದೇ ಬ್ಯಾಗು, ಅದರ ತುಂಬ ಕಲ್ಲು ಬೆರೆತ ಕೆಂಪು ಬಡ ಮಣ್ಣು. ಹಿಡಿ ಕಿತ್ತುಕೊಂಡು ನೇತಾಡುತ್ತಿತ್ತು, ತಳದಿಂದ ಮಣ್ಣು ಸೋರುತ್ತಿತ್ತು. ಸೀರೆಗಳೆಲ್ಲ ಎಲ್ಲಿ ಅಂದರೆ, ಮಗಳ ಬೀರುವಿನಲ್ಲಿ ಅಂದಳು. ನನ್ನ ಪಾತಿಯ ಮೇಲೆ ಬ್ಯಾಗು ಬೋರಲು ಹಾಕಿ, ಈ ಮಣ್ಣಿಗೆ ಉಂಡದ್ದು ಅರಗಿಲ್ಲ, ಒಸಿ ಉಪವಾಸ ಹಾಕಬೇಕು ಅಂದಳು. ಇನ್ನೂ ಹತ್ತಾರು ಸಲ ಹೊತ್ತು ತರಬೇಕು ಅಂದಳು. ನಾನು ವರ್ಷವಿಡೀ ಕೂಡಿಸಿದ ಕಪ್ಪು ಮಣ್ಣಿನ ಮೇಲೆ ಆ ಕೆಂಪು ಮಣ್ಣು ಬಿದ್ದದ್ದು ನೋಡಿ ಬೈಯಲು ಬಾಯಿ ತೆರೆದವಳು, ಬದನೆ ಗಿಡದ ಪಕ್ಕ ಮಣೆ ಎಳೆದುಕೊಂಡು ಕೂತೆ. ಮಾತು ನುಂಗುವುದು ಎರಡನೇ ಸಲಕ್ಕೆ ಸುಲಭ.

ಪಾತಿಯ ಮೇಲಿನ ಹಿಕ್ಕೆ ಗೊಬ್ಬರವನ್ನು ಕೆರೆದು ಮತ್ತೆ ಗುಂಡಿಗೆ ಹಾಕಲು ಹೋದವಳು ತೆಂಗಿನ ಗರಿ ಎತ್ತಿದಳು. ನಾನು ಬದನೆ ಗಿಡದ ಎಲೆ ನೋಡುವುದರಲ್ಲಿ ಮುಳುಗಿದೆ. ಆಮೇಲೆ ನನ್ನ ಮಣೆಯ ಮುಂದೆ ಏನೋ ಬಂದು ಬಿತ್ತು. ಎಡಗಾಲಿನ ಚಪ್ಪಲಿ, ಕಪ್ಪು ಗೊಬ್ಬರ ಮೆತ್ತಿಕೊಂಡು. ಪಟ್ಟಿಯ ಮೇಲೆ ನನ್ನ ಸೆರಗಿನ ಅಂಚಿನಿಂದ ಕಿತ್ತ ಹಸಿರು ದಾರದ ಎಳೆ.

“ನಿಮ್ಮೂರ್ ನಾಯಿ ಸೀರೆ ಉಡ್ತದಾ ಅಕ್ಕ?” ಅಂದಳು ಬೀಗಿತ್ತಿ.